ಡಬ್ಬಿ ನಿಮ್ಮದಾದರೂ ಕಾಗದ ನಿಮ್ಮದಲ್ಲ: ಅಮೆರಿಕಕ್ಕೆ ಹೊಸದಾಗಿ ಬಂದವರಿಗೆ

ಅಪಾರ್ಟ್‌ಮೆಂಟ್ ಹಿಡಿದು, ಮೊದಲ ಸಲ ಮೇಲ್‌ಬಾಕ್ಸ್ ತೆರೆದಾಗ ನಿಮ್ಮ ಹೆಸರಿನದಕ್ಕಿಂತ ಹಿಂದೆ ಬಾಡಿಗೆಗಿದ್ದವರ ಕಾಗದಗಳೇ ಜಾಸ್ತಿ ಇರುತ್ತವೆ. ಬ್ಯಾಂಕಿನ ಕವರು, ವಿಮೆಯವರ ಕವರು. ‘ನಮ್ಮ ಡಬ್ಬಿಗೇ ಬಂದಿದೆಯಲ್ಲ, ಒಡೆದು ನೋಡೋಣ’ ಅನ್ನಿಸುತ್ತದೆ. ದಯವಿಟ್ಟು ಒಡೆಯಬೇಡಿ. ಕಸಕ್ಕೂ ಹಾಕಬೇಡಿ.

ಇಲ್ಲಿ ಅಂಚೆಯ ಅಪರಾಧಕ್ಕೆ ಫೆಡರಲ್ ಕಾನೂನಿದೆ. ಬೇರೆಯವರ ಟಪಾಲನ್ನು ಅವರಿಗೆ ಸಿಗದಂತೆ ಮಾಡಲು, ಅಥವಾ ಅವರ ವಿಷಯ ಇಣುಕಿ ನೋಡಲು ತೆಗೆದುಕೊಂಡರೆ 5 ವರ್ಷದವರೆಗೆ ಜೈಲಾಗಬಹುದು. ಕದ್ದರೂ ಅಷ್ಟೇ, ಕದ್ದ ಮಾಲು ಅಂತ ಗೊತ್ತಿದ್ದೂ ಇಟ್ಟುಕೊಂಡರೂ ಅಷ್ಟೇ. ದಂಡ 2,50,000 ಡಾಲರ್‌ವರೆಗೂ ಹೋಗಬಹುದು. ಹೆಸರು ನೋಡದೆ ಒಡೆದುಬಿಟ್ಟಿರಾ? ಗಾಬರಿ ಬೇಡ, ಕಾನೂನು ನೋಡುವುದು ಉದ್ದೇಶವನ್ನು. ಟೇಪ್ ಅಂಟಿಸಿ ವಾಪಸ್ ಕೊಡಿ.

ವಾಪಸ್ ಕೊಡುವುದು ಸುಲಭ. ಕವರಿನ ಮೇಲೆ ಇಂಗ್ಲಿಷಿನಲ್ಲಿ ‘ನಾಟ್ ಅಟ್ ದಿಸ್ ಅಡ್ರೆಸ್’ ಅಂತ ಬರೆದು, ಹೊರಗೆ ಹೋಗುವ ಟಪಾಲಿನ ಕಿಂಡಿಗೆ ಹಾಕಿ. ಪದೇ ಪದೇ ಬರುತ್ತಿದ್ದರೆ ಪೋಸ್ಟ್‌ಮ್ಯಾನ್‌ಗೆ ಒಂದು ಮಾತು ಹೇಳಿ.

ಇನ್ನೊಂದು, ನಮ್ಮ ಕನ್ನಡ ಕೂಟಗಳಲ್ಲಿ ಆಗಾಗ ನೋಡುವುದು. ಯುಗಾದಿ ಕಾರ್ಯಕ್ರಮದ ಕರಪತ್ರ ಹಿಡಿದು ಬೀದಿಯ ಮೇಲ್‌ಬಾಕ್ಸ್‌ಗಳಿಗೆಲ್ಲ ತುರುಕಿ ಬರುತ್ತೇವೆ. ಊರಲ್ಲಿ ಗೇಟಿನ ಡಬ್ಬಿಗೆ ಯಾರು ಏನು ಹಾಕಿದರೂ ನಡೆಯುತ್ತದೆ. ಇಲ್ಲಿ ಸ್ಟಾಂಪ್ ಇಲ್ಲದ ಕಾಗದ ಹಾಕಿದರೆ ದಂಡ. ಬಾಗಿಲು ತಟ್ಟಿ ಕೈಗೆ ಕೊಡಿ. ಹರೆಯದ ಮಕ್ಕಳಿದ್ದರೆ ಅವರಿಗೂ ತಿಳಿಸಿ: ಆಟಕ್ಕೆ ಅಂತ ಯಾರದೋ ಮೇಲ್‌ಬಾಕ್ಸ್ ಮುರಿದರೂ 3 ವರ್ಷದವರೆಗೆ ಶಿಕ್ಷೆ ಇದೆ.

ನನಗೆ ನಿಜವಾಗಿ ಭಯವಿರುವುದು ‘ಮನೆಯಿಂದಲೇ ಪಾರ್ಸೆಲ್ ಕೆಲಸ’ದ ಬಗ್ಗೆ. ನಮ್ಮ ಕಡೆಯ ಒಬ್ಬ ಹುಡುಗ, ಓದಲು ಬಂದವನು. ಅವನ ಕೋಣೆಗೆ ಹೋದಾಗ ಮಂಚದ ಪಕ್ಕ ಐದು ಪೆಟ್ಟಿಗೆ ಇದ್ದವು. ಒಂದೊಂದರ ಮೇಲೂ ಒಂದೊಂದು ಹೆಸರು, ವಿಳಾಸ ಮಾತ್ರ ಅವನದು. ಹೊಸ ಲೇಬಲ್ ಇಮೇಲ್‌ನಲ್ಲಿ ಬರುತ್ತದಂತೆ, ಅಂಟಿಸಿ ಬೇರೆ ದೇಶಕ್ಕೆ ಕಳಿಸಬೇಕಂತೆ. ಅಂಥ ಮಾಲು ಸಾಮಾನ್ಯವಾಗಿ ಕದ್ದ ಕ್ರೆಡಿಟ್ ಕಾರ್ಡಿನಲ್ಲಿ ಕೊಂಡದ್ದು. ಮೋಸ ಅಂತ ಗೊತ್ತಿದ್ದೂ ಮುಂದುವರಿದರೆ ಅದು ಅಂಚೆ ವಂಚನೆ, 20 ವರ್ಷದವರೆಗೆ ಜೈಲು. ಬ್ಯಾಂಕಿಗೆ ಹೊಡೆತ ಬಿದ್ದರೆ 30. ನಮ್ಮಂಥ ವೀಸಾದವರಿಗೆ, ಗ್ರೀನ್ ಕಾರ್ಡಿನವರಿಗೂ, ಇನ್ನೊಂದು ಪೆಟ್ಟು ಇದೆ. ಕಳ್ಳತನಕ್ಕೆ ಒಂದು ವರ್ಷ ಅಥವಾ ಜಾಸ್ತಿ ಶಿಕ್ಷೆಯಾದರೆ, ಇಲ್ಲವೇ ವಂಚನೆಯ ನಷ್ಟ 10,000 ಡಾಲರ್ ದಾಟಿದರೆ, ದೇಶದಿಂದಲೇ ಹೊರಗೆ ಕಳಿಸಬಹುದು. ಕೆಲಸದ ಪರ್ಮಿಟ್ ಇಲ್ಲದ ಎಚ್-4ನವರಿಗೂ (ಎಚ್-1ಬಿಯಂಥ ಕೆಲಸದ ವೀಸಾದವರ ಗಂಡ ಅಥವಾ ಹೆಂಡತಿ, ಮಕ್ಕಳಿಗೆ ಸಿಗುವ ವೀಸಾ) ಓದುವ ಮಕ್ಕಳಿಗೂ ದುಡ್ಡಿನ ಆಸೆ ತೋರಿಸಿ ಸೆಳೆಯುವುದು ಸುಲಭ, ಅಲ್ವಾ?

ಈಗಾಗಲೇ ಸಿಕ್ಕಿಕೊಂಡಿದ್ದರೆ ಇವತ್ತೇ ನಿಲ್ಲಿಸಿ. ಪೆಟ್ಟಿಗೆಗಳನ್ನು ಎಸೆಯಬೇಡಿ, ಮೆಸೇಜು ಅಳಿಸಬೇಡಿ. ಮೊದಲು ವಕೀಲರನ್ನು ಕಾಣಿ, ಆಮೇಲೆ ಅಂಚೆ ಅಪರಾಧಗಳ ತನಿಖೆ ಮಾಡುವ ಪೋಸ್ಟಲ್ ಇನ್‌ಸ್ಪೆಕ್ಷನ್ ಸರ್ವಿಸ್‌ಗೆ ತಿಳಿಸಿ: 1-877-876-2455. ನಿಮ್ಮದೇ ಟಪಾಲು ಕಳುವಾದರೂ ಇದೇ ನಂಬರ್.

ಊರಿಗೆ ಹೊರಟಾಗ ಡಬ್ಬಿ ತುಂಬಿ ತುಳುಕಲು ಬಿಡಬೇಡಿ, ಕಳ್ಳರಿಗೆ ಅದೇ ಗುರುತು. ‘ಹೋಲ್ಡ್ ಮೇಲ್’ ಹಾಕಿದರೆ 3ರಿಂದ 30 ದಿನ ಪೋಸ್ಟ್ ಆಫೀಸಿನವರೇ ಇಟ್ಟುಕೊಳ್ಳುತ್ತಾರೆ, ದುಡ್ಡು ಕೊಡಬೇಕಿಲ್ಲ.