ಮೊದಲು ವ್ಯಾನಿಗೆ ಸೂರು, ಆಮೇಲೆ ಮನೆ

ಶಿವಮೊಗ್ಗ ಜಿಲ್ಲೆ ಹೊಸನಗರ ತಾಲ್ಲೂಕಿನ ನಿಟ್ಟೂರು ಕಡೆ ಜಮೀನು ತಗೊಂಡು, ಮನೆ ಏಳುವ ತನಕ ಅಲ್ಲೇ ವ್ಯಾನಿನಲ್ಲಿ ಸಂಸಾರ ಹೂಡಿದವರು ನಾವು. ನಾನು, ನಮ್ಮ ಯಜಮಾನರು, ಮೂರು ವರ್ಷದ ಮಗಳು. ಕ್ಯಾಂಪರ್ ಅಂದಕೂಡಲೇ ಫೋಟೋಗಳಲ್ಲಿ ಬರುವ ಹೊಳೆಯುವ ಗಾಡಿ ನೆನೆಸಿಕೊಳ್ಳಬೇಡಿ. ನಮ್ಮದು ಶಾಲೆ ಮಕ್ಕಳನ್ನು ಹೊತ್ತು ಸುಸ್ತಾದ ಹಳೇ ಟೆಂಪೋ ಟ್ರಾವೆಲರ್. ಸೀಟು ತೆಗೆಸಿ ಹಿಂದೆ ಅಡ್ಡಕ್ಕೆ ಮಂಚ, ಬಾಗಿಲ ಪಕ್ಕ ಪಾತ್ರೆ ಇಡುವ ಗೂಡು, ಮಂಚದ ಕೆಳಗೆ ಅಕ್ಕಿ ಡಬ್ಬ, ಬಟ್ಟೆ. ಅಷ್ಟೇ. ಹೀಗೆ ಗಾಡಿ ಬದಲಾಯಿಸುವವರು ಮೊದಲೇ ಆರ್‌ಟಿಒ ಅನುಮತಿ ಪಡೆದು ಆರ್‌ಸಿಯಲ್ಲಿ ಸೇರಿಸಿಕೊಳ್ಳಬೇಕು. ಇಲ್ಲದಿದ್ದರೆ ರಸ್ತೆಗೆ ಇಳಿಸಿದ ದಿನ ತಲೆನೋವು.

ಬಾಡಿಗೆ ಮನೆ ಯಾಕೆ ಮಾಡಲಿಲ್ಲ ಅಂತ ಎಲ್ಲರೂ ಕೇಳುತ್ತಾರೆ. ನಮ್ಮ ಜಾಗದ ಹತ್ತಿರ ಖಾಲಿ ಮನೆಯೇ ಇರಲಿಲ್ಲ. ಪೇಟೆಯಲ್ಲಿ ಮನೆ ಮಾಡಿ ಮಗುವನ್ನು ಕಟ್ಟಿಕೊಂಡು ದಿನಾ ಓಡಾಡಿದರೆ ಜಮೀನಿನ ಕೆಲಸ ಮಾಡುವುದು ಯಾವಾಗ? ಹತ್ತಿರದಲ್ಲಿ ಒಂದು ಹಳೇ ಮನೆ ಸಿಕ್ಕಿದ್ದರೆ ಖಂಡಿತ ವ್ಯಾನಿನ ಸಹವಾಸಕ್ಕೆ ಹೋಗುತ್ತಿರಲಿಲ್ಲ.

ಜಮೀನಿನ ವಿಷಯ ಬೇಗ ಮುಗಿಸುತ್ತೇನೆ. 2020ರಲ್ಲಿ ಭೂ ಸುಧಾರಣಾ ಕಾಯ್ದೆಯ 79ಎ, 79ಬಿ ಕಲಂಗಳನ್ನು ತೆಗೆದ ಮೇಲೆ ಕೃಷಿಕರಲ್ಲದವರೂ ಕೃಷಿ ಜಮೀನು ಕೊಳ್ಳಬಹುದು. ಆದರೆ ಮಲೆನಾಡಿನಲ್ಲಿ ಪಹಣಿ ನೋಡಿದರೆ ಸಾಲದು. ಮಾರುವವರು ಕೈ ತೋರಿಸಿ 'ಆ ಗುಡ್ಡದವರೆಗೂ ನಮ್ಮದೇ' ಅಂತಾರಲ್ಲ, ಅದರಲ್ಲಿ ಅರ್ಧ ಸೊಪ್ಪಿನಬೆಟ್ಟ ಇರಬಹುದು. ಸೊಪ್ಪಿನಬೆಟ್ಟ ಅಂದರೆ ತೋಟಕ್ಕೆ ಸೊಪ್ಪು, ದರಗು (ಒಣಗಿದ ಎಲೆ) ತರುವ ಸವಲತ್ತು. ಮಾಲೀಕತ್ವ ಅಲ್ಲ. ಅಲ್ಲಿ ಮನೆ ಕಟ್ಟುವ ಹಾಗಿಲ್ಲ. ಹದ್ದುಬಸ್ತು (ಅಳತೆ ಮಾಡಿ ಗಡಿ ಗುರುತಿಸುವುದು) ಮಾಡಿಸಿ, ಕಲ್ಲು ನೆಡಿಸಿ, ಆಮೇಲೆ ಮುಂದಿನ ಮಾತು.

ಈಗ ಮಳೆಗೆ ಬರೋಣ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಜಾಸ್ತಿ ಮಳೆ. ನಮ್ಮ ಕಡೆಯ ಹುಲಿಕಲ್ ಅದಕ್ಕೇನೂ ಕಡಿಮೆ ಇಲ್ಲ. ಬೆಂಗಳೂರಿಗೆ ವರ್ಷವಿಡೀ ಬೀಳುವುದು ಸುಮಾರು ಸಾವಿರ. ಇಂಥ ಕಡೆ ವ್ಯಾನನ್ನು ಬಯಲಿನಲ್ಲಿ ನಿಲ್ಲಿಸಿ ಬದುಕುತ್ತೇವೆ ಅನ್ನುವುದು ಆಗದ ಮಾತು. ಕಿಟಕಿ ರಬ್ಬರ್ ಎಷ್ಟೇ ಹೊಸದಿರಲಿ, ವಾರಗಟ್ಟಲೆ ಮಳೆ ಹೊಡೆದರೆ ನೀರು ದಾರಿ ಹುಡುಕಿಕೊಳ್ಳುತ್ತದೆ. ಅದಕ್ಕೇ ಬೇಸಿಗೆಯಲ್ಲೇ ವ್ಯಾನಿನ ಮೇಲೆ ಒಂದು ದೊಡ್ಡ ಮಾಡು ಎಬ್ಬಿಸಿದೆವು. ಜಿಐ ಪೈಪ್ ಕಂಬ, ಮೇಲೆ ಶೀಟು, ವ್ಯಾನಿನ ಎರಡು ಪಟ್ಟು ಅಗಲ. ವ್ಯಾನಿಗಿಂತ ಮಾಡಿಗೇ ಖರ್ಚು ಜಾಸ್ತಿ ಆಯಿತು. ಹಾಗೆ ಆಗುವುದೇ ಸರಿ. ಯಾಕೆಂದರೆ ವ್ಯಾನ್ ಬರೀ ಮಲಗುವ ಕೋಣೆ. ಅಡುಗೆ, ಊಟ, ಮಗಳ ಆಟ, ಬಟ್ಟೆ, ಕತ್ತಿ ಗುದ್ದಲಿ, ಗೊಬ್ಬರದ ಚೀಲ ಎಲ್ಲ ಮಾಡಿನಡಿಗೆ.

ಪಕ್ಕದ ತೋಟದ ಅಜ್ಜ ಒಂದಿನ ಬಂದು ನೋಡಿ, "ಬಸ್ಸಲ್ಲೇ ಬಾಳ್ವೆ ಮಾಡ್ತೀರಾ ತಂಗಿ?" ಅಂತ ನಕ್ಕರು. ಆಮೇಲೆ ಮಾಡಿನ ಸುತ್ತ ಒಂದು ಸುತ್ತು ಹಾಕಿ, ಪಡುವಣ ದಿಕ್ಕಿಗೆ ಸೋಗೆ ತಟ್ಟಿ ಕಟ್ಟಿಸಿ ಅಂದರು. ಅಡಿಕೆ ಗರಿಯ ಸೋಗೆ, ಅಡಿಕೆ ಮರ ಸೀಳಿದ ದಬ್ಬೆ ಎರಡೂ ಅವರ ತೋಟದ್ದೇ. ಮುಂಗಾರಿನ ಗಾಳಿ ಬರುವುದು ಆ ಕಡೆಯಿಂದಲೇ. ತಟ್ಟಿ ಇಲ್ಲದಿದ್ದರೆ ಎರಚಲು ಒಲೆಯವರೆಗೂ ಬರುತ್ತದೆ. ಮಾಡಿನ ಸುತ್ತ ಮೊಣಕಾಲುದ್ದ ಚರಂಡಿಯನ್ನೂ ಮಳೆಗೆ ಮುಂಚೆಯೇ ತೋಡಬೇಕು. ಆರಿದ್ರ ಮಳೆ ಹಿಡಿದ ಮೇಲೆ ಗುದ್ದಲಿಗೆ ಬರುವುದು ಮಣ್ಣಲ್ಲ, ಬರೀ ಕೆಸರು.

ಹೊರಗಿನ ನೀರು ತಡೆದರೂ ಒಳಗಿನ ತೇವ ಬಿಡುವುದಿಲ್ಲ. ಮೂವರು ಬಾಗಿಲು ಹಾಕಿಕೊಂಡು ಮಲಗಿದರೆ ಬೆಳಗ್ಗೆ ಗಾಜಿನ ಒಳಮೈಯಲ್ಲಿ ಹನಿ ಹನಿ ನೀರು. ನಮ್ಮ ಉಸಿರೇ ಅದು. ತಗಡು ತಣ್ಣಗಿರುತ್ತದೆ, ಒಳಗಿನ ಗಾಳಿ ಬೆಚ್ಚಗಿರುತ್ತದೆ, ಆವಿ ಹೋಗಿ ಅಲ್ಲಿ ಕೂರುತ್ತದೆ. ಒಳಗೆ ಗ್ಯಾಸ್ ಹಚ್ಚಿದರೆ ಇನ್ನೂ ಜಾಸ್ತಿ, ಜೊತೆಗೆ ಬಾಗಿಲು ಮುಚ್ಚಿದ ಜಾಗದಲ್ಲಿ ಉರಿ ಅಪಾಯ ಕೂಡ. ಆದ್ದರಿಂದ ಒಲೆ ಹೊರಗೇ. ಮಾಡಿನ ಕೆಳಗಿರುವುದರಿಂದ ಎರಡೂ ಪಕ್ಕದ ಕಿಟಕಿಯನ್ನು ಜೋರು ಮಳೆಯಲ್ಲೂ ಒಂದು ಗೇಣು ತೆರೆದಿಡಬಹುದು. ಬೂಸ್ಟಿಗೆ ಇದಕ್ಕಿಂತ ದೊಡ್ಡ ಮದ್ದಿಲ್ಲ. ಮಂಚಕ್ಕೆ ಗಟ್ಟಿ ಹಲಗೆ ಬದಲು ನಡುವೆ ಸಂದು ಬಿಟ್ಟು ಪಟ್ಟಿ ಹೊಡೆಸಿದೆವು. ಹಾಸಿಗೆಯ ಅಡಿಗೂ ಗಾಳಿ ಆಡಬೇಕಲ್ವಾ? ಆದರೂ ಆಷಾಢದಲ್ಲಿ ಹಾಸಿಗೆ ಎತ್ತಿ ನಿಲ್ಲಿಸದೆ ನಾಲ್ಕು ದಿನ ಬಿಟ್ಟರೆ ಹಸಿರು ಮಿಶ್ರಿತ ಬಿಳಿ ಬೂಸ್ಟು ಮೂಲೆಯಿಂದ ಹೊರಡುತ್ತದೆ. ಚರ್ಮದ ಬೆಲ್ಟು, ಮರದ ಆಟಿಕೆ, ಪುಸ್ತಕ ಯಾವುದನ್ನೂ ಅದು ಬಿಡುವುದಿಲ್ಲ.

ಬಟ್ಟೆ ಒಣಗಿಸುವುದಕ್ಕೆ ಊರಿನ ಹಳೇ ದಾರಿಯೇ ಗತಿ. ಮಾಡಿನ ಒಂದು ತುದಿಯಲ್ಲಿ ಬಚ್ಚಲು ಕಟ್ಟಿ ಹಂಡೆ ಒಲೆ ಹಾಕಿಸಿದೆವು. ಒಲೆಯ ಮೇಲೆ ಎತ್ತರದಲ್ಲಿ ಬಿದಿರಿನ ಗಳ. ಬಟ್ಟೆ ಒಣಗುತ್ತದೆ, ಹೊಗೆ ವಾಸನೆ ಬರುತ್ತದೆ. ಅಂಗನವಾಡಿಯಲ್ಲಿ ಎಲ್ಲ ಮಕ್ಕಳ ಬಟ್ಟೆಯೂ ಅದೇ ವಾಸನೆ, ಹಾಗಾಗಿ ನಮ್ಮ ಮಗಳಿಗೆ ಏನೂ ಅನ್ನಿಸಲಿಲ್ಲ.

ನೀರಿಗೆ ಅಬ್ಬಿ ಇದೆ. ಗುಡ್ಡದ ಮೇಲಿನ ಒರತೆಯಿಂದ ಕಪ್ಪು ಪೈಪ್ ಎಳೆದರೆ ಪಂಪು ಬೇಡ, ಕರೆಂಟು ಬೇಡ. ಪೈಪ್ ಮಾತ್ರ ಉದ್ದಕ್ಕೂ ಇಳಿಜಾರಿನಲ್ಲೇ ಬರಬೇಕು. ನಡುವೆ ಎಲ್ಲಾದರೂ ಗೂನು ಬೆನ್ನಿನ ಹಾಗೆ ಎದ್ದರೆ ಅಲ್ಲಿ ಗಾಳಿ ಸಿಕ್ಕಿ ನೀರು ನಿಲ್ಲುತ್ತದೆ. ಮಳೆಗಾಲದಲ್ಲಿ ಎಲೆ ಕಟ್ಟಿಕೊಳ್ಳುವುದರಿಂದ ಬಾಯಿಗೆ ಜಾಲರಿ ಬೇಕೇ ಬೇಕು. ಕುಡಿಯುವ ನೀರನ್ನು ಕುದಿಸಿ ಆರಿಸುತ್ತೇವೆ.

ಪಾಯಿಖಾನೆಗೆ ಮಾತ್ರ ವ್ಯಾನಿನ ಒಳಗಿನ ಪೆಟ್ಟಿಗೆ ಗಿಟ್ಟಿಗೆ ಕೈ ಹಾಕಲಿಲ್ಲ. ಮೊದಲ ಕೆಲಸವೇ ಸಿಮೆಂಟ್ ರಿಂಗ್ ಇಳಿಸಿ ಜೋಡಿ ಗುಂಡಿ ಮಾಡಿಸಿದ್ದು. ಬಾವಿ, ಅಬ್ಬಿಗಳಿಂದ ದೂರ, ಇಳಿಜಾರಿನ ಕೆಳಬದಿಗೆ. ಹಾಗಂತ ತೀರಾ ತಗ್ಗಿಗೂ ಹೋಗಬಾರದು. ಮಳೆಗಾಲದಲ್ಲಿ ನೆಲದೊಳಗಿನ ನೀರು ಮೇಲೇರುವುದರಿಂದ ಅಲ್ಲಿ ಗುಂಡಿ ತೋಡಿದರೆ ತುಂಬಿ ನಿಲ್ಲುತ್ತದೆ.

ಸೋಲಾರ್ ಬಗ್ಗೆ ಆಸೆ ಕಡಿಮೆ ಇಟ್ಟುಕೊಳ್ಳಿ. 12 ವೋಲ್ಟಿನ 100 ಎಎಚ್ (ಆಂಪಿಯರ್-ಗಂಟೆ) ಬ್ಯಾಟರಿ ಅಂದರೆ ಲೆಕ್ಕಕ್ಕೆ 1,200 ವ್ಯಾಟ್-ಗಂಟೆ. ಲೆಡ್ ಆಸಿಡ್ ಬ್ಯಾಟರಿಯಲ್ಲಿ ಅರ್ಧ ಮಾತ್ರ ಬಳಸಿದರೆ ಬಾಳಿಕೆ. ಉಳಿದ 600ರಲ್ಲಿ ಎಲ್‌ಇಡಿ ದೀಪ, ಫೋನು, ಲ್ಯಾಪ್‌ಟಾಪ್ ನಡೆಯುತ್ತದೆ. ಆದರೆ ಜುಲೈನಲ್ಲಿ ಸೂರ್ಯನೇ ರಜೆ ಹಾಕುತ್ತಾನೆ. ಮನೆ ಕಟ್ಟುವುದಕ್ಕೆ ಅಂತ ತೆಗೆದುಕೊಂಡ ತಾತ್ಕಾಲಿಕ ಕರೆಂಟಿನಿಂದ ಬ್ಯಾಟರಿ ತುಂಬಿಸಿಕೊಂಡು, ಮರ ಬಿದ್ದು ತಂತಿ ಹರಿದ ದಿನಗಳಿಗೆ ಅದನ್ನು ಉಳಿಸಿಕೊಳ್ಳುವುದು. ಫ್ರಿಜ್ ಇಲ್ಲ. ಆ ಚಳಿಯಲ್ಲಿ ಮೊಸರು ಹೆಪ್ಪಾಗುವುದೇ ಕಷ್ಟ, ಇನ್ನು ಫ್ರಿಜ್ ಯಾಕೆ?

ವ್ಯಾನಿನಲ್ಲಿ ಒಂದು ಮಳೆಗಾಲ ಕಳೆದದ್ದರ ನಿಜವಾದ ಲಾಭ ಬೇರೆಯೇ. ಧರೆಯ (ಕಡಿದಾದ ಮಣ್ಣಿನ ದಿಬ್ಬ) ಬುಡದಲ್ಲಿ ನಮ್ಮದೊಂದು ಸಮತಟ್ಟು ಜಾಗ ಇತ್ತು. ಬೇಸಿಗೆಯಲ್ಲಿ ನೋಡಿದ ಯಾರೇ ಆದರೂ 'ಮನೆಗೆ ಇದೇ ಸರಿ' ಅನ್ನುವಂಥದ್ದು. ಗಾಳಿ ಇಲ್ಲ, ಬಿಸಿಲು ಕಡಿಮೆ, ರಸ್ತೆ ಹತ್ತಿರ. ಮೇಸ್ತ್ರಿಯೂ ಅಲ್ಲೇ ಪಾಯ ತೆಗೆಯಲು ತಯಾರಿದ್ದರು. ನಾವು ಮಳೆ ಮುಗಿಯಲಿ ಅಂದೆವು. ಪುಷ್ಯ ಮಳೆ ಬಂತು ನೋಡಿ, ಆ ಜಾಗದ ನೆಲದಿಂದಲೇ ಜಲ ಏಳತೊಡಗಿತು. ಕಾಲಿಟ್ಟ ಕಡೆ ಹೆಜ್ಜೆ ಗುರುತಿನಲ್ಲಿ ತಿಳಿನೀರು ಒಸರಿ ತುಂಬುತ್ತಿತ್ತು. ಆಮೇಲೆ ಧರೆಯ ಒಂದು ತುಂಡು ಮರದ ಬೇರು ಸಮೇತ ಜಾರಿ ಕೆಳಗೆ ಕೂತಿತು. ನಾವು ಕೊಡೆ ಹಿಡಿದು ಗೂಟ ಹೊಡೆಯುತ್ತಾ ಹೋದೆವು. ನೀರು ಎದ್ದಲ್ಲಿ ಕೆಂಪು ಬಟ್ಟೆ, ನೀರು ಹರಿದು ಹೋದ ದಾರಿಗೆ ಬಿಳಿ ಬಟ್ಟೆ. ಕಾಡುಕೆಸು ದಟ್ಟವಾಗಿ ಎದ್ದ ಜಾಗವೆಲ್ಲ ಕೆಂಪು ಗೂಟದ ಆಸುಪಾಸಿನಲ್ಲೇ ಇತ್ತು. ಸೆಪ್ಟೆಂಬರಿನಲ್ಲಿ ಗೂಟಗಳನ್ನು ನೋಡಿದರೆ ಮನೆ ಎಲ್ಲಿ ಬೇಡ ಅನ್ನುವ ನಕ್ಷೆ ತಯಾರಾಗಿತ್ತು. ಪಾಯ ಈಗ ಸ್ವಲ್ಪ ಮೇಲಿನ ದಿಣ್ಣೆಯಲ್ಲಿದೆ. ಕೆಂಪುಕಲ್ಲಿನ ಗೋಡೆ ಕಿಟಕಿ ಮಟ್ಟಕ್ಕೆ ಬಂದಿದೆ. ಕೆಳಗಿನ ಜೌಗು ಜಾಗ ಹೊಂಡಕ್ಕೆ ಬಿಟ್ಟಿದ್ದೇವೆ.

ತೋಟದ ಗೂಟವೂ ಅದೇ ನಕ್ಷೆ ನೋಡಿ ಹೊಡೆದದ್ದು. ಅಡಿಕೆಗೆ 9 ಅಡಿ ಅಂತರ, ಸಾಲುಗಳ ನಡುವೆ ಬಸಿಗಾಲುವೆ, ಎಳೆ ಸಸಿಗೆ ನೆರಳಾಗಿ ಬಾಳೆ. ನೀರು ನಿಲ್ಲದೆ ಬಸಿದು ಹೋಗುವ ಜಾಗದಲ್ಲಿ ಮೇ-ಜೂನಿನಲ್ಲಿ ನೆಟ್ಟೆವು. ಜಿಗುಟು ಮಣ್ಣಿನ ಕಡೆ ಮಳೆಯ ಜೋರು ಇಳಿಯಲಿ ಅಂತ ಆಗಸ್ಟ್‌ವರೆಗೆ ಕಾದೆವು. ಫಸಲು ಕಾಣಲು ಐದಾರು ವರ್ಷ ಬೇಕು. ಅಲ್ಲಿಯವರೆಗೆ ಯಜಮಾನರ ಕಂಪ್ಯೂಟರ್ ಕೆಲಸವೇ ಹೊಟ್ಟೆಪಾಡು. ಇದನ್ನು ಮುಚ್ಚಿಟ್ಟು 'ಹಳ್ಳಿಗೆ ಬಂದುಬಿಡಿ' ಅನ್ನುವವರನ್ನು ಕಂಡರೆ ನನಗೆ ಆಗುವುದಿಲ್ಲ.

ಮಗು ಇರುವವರಿಗೆ ಕೊನೆಯದಾಗಿ ಎರಡು ವಿಷಯ. ಇಂಬಳಕ್ಕೆ (ಜಿಗಣೆ) ಹೆದರಬೇಡಿ, ಕಾಲಿಗೆ ಸುಣ್ಣ ಹಚ್ಚಿ, ಹತ್ತಿದರೆ ಉಪ್ಪು ಹಾಕಿ, ಬಿದ್ದು ಹೋಗುತ್ತದೆ. ಹೆದರಬೇಕಾದದ್ದು ಮಳೆ ಹೋದ ಮೇಲಿನ ಉಣುಗಿಗೆ (ಉಣ್ಣೆ ಹುಳ). 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಪತ್ತೆಯಾದ ಮಂಗನ ಕಾಯಿಲೆ ಉಣುಗಿನಿಂದಲೇ ಹರಡುವುದು. ಡಿಸೆಂಬರಿನಿಂದ ಮೇ ತನಕ ಅದರ ಕಾಲ. ಆ ತಿಂಗಳುಗಳಲ್ಲಿ ಮಗಳನ್ನು ದರಗಿನ ರಾಶಿಯಲ್ಲಿ ಆಡಲು ಬಿಡುವುದಿಲ್ಲ. ಉಣುಗು ಹತ್ತದಂತೆ ಆರೋಗ್ಯ ಇಲಾಖೆಯವರು ಕೊಡುವ ಡೇಪಾ ಎಣ್ಣೆ ಹಚ್ಚಿಕೊಳ್ಳದೆ ನಾವೂ ಕಾಡಿಗೆ ಹೋಗುವುದಿಲ್ಲ. ಬಂದಮೇಲೆ ಬಟ್ಟೆ ಬಿಸಿನೀರಿಗೆ, ನಾವು ಬಚ್ಚಲಿಗೆ. ಮಂಗ ಸತ್ತು ಬಿದ್ದದ್ದು ಕಂಡರೆ ಹತ್ತಿರ ಹೋಗದೆ ಆರೋಗ್ಯ ಕೇಂದ್ರಕ್ಕೆ ಫೋನ್ ಮಾಡಿ. ಜ್ವರ ಬಂದರೆ ಮಾತ್ರೆ ನುಂಗಿ ಸುಮ್ನೆ ಮಲಗಬೇಡಿ, ಕಾಡಿಗೆ ಹೋಗಿದ್ದೆವು ಅಂತ ಡಾಕ್ಟರ ಹತ್ತಿರ ಬಾಯಿಬಿಟ್ಟು ಹೇಳಿ.