ರೇಷ್ಮೆ ಗೂಡಿನ ಲೆಕ್ಕದಲ್ಲಿ ಫಂಕ್ಷನ್ ಕಲಿಸಿದ್ದು: ನನ್ನ ಅನುಭವ

ಈ ಸಲ ನನ್ನ ಟ್ಯೂಷನ್‌ನಲ್ಲಿ ಇಪ್ಪತ್ತಾರು ಮಕ್ಕಳು. ಅದರಲ್ಲಿ ಇಪ್ಪತ್ತೆರಡು ಜನ ಕಾಂಪೊಸಿಟ್ ಫಂಕ್ಷನ್ ಲೆಕ್ಕವನ್ನು ಸರಿಯಾಗಿ ಮಾಡಿದ್ದಾರೆ. ಫಂಕ್ಷನ್ ಅಂದರೆ ಒಂದು ಸಂಖ್ಯೆ ಹಾಕಿದರೆ ಒಂದು ಉತ್ತರ ಕೊಡುವ ನಿಯಮ; ಒಂದರ ಉತ್ತರವನ್ನು ಇನ್ನೊಂದಕ್ಕೆ ಹಾಕುವುದು ಕಾಂಪೊಸಿಷನ್. ಮೂರು ವರ್ಷದ ಹಿಂದೆ ಐದಾರು ಜನ ಮಾಡಿದ್ದರೆ ಹೆಚ್ಚು. ಮಕ್ಕಳ ಮನೆಯ ಗೂಡಿನ ಲೆಕ್ಕದಿಂದ ಪಾಠ ಮಾಡುವುದನ್ನು ಕಂಡು 'ಇದೆಲ್ಲ ಟೈಮ್ ವೇಸ್ಟ್ ಸರ್, ಪೋರ್ಷನ್ ಮುಗಿಸಿ' ಅಂದಿದ್ದ ಸ್ನೇಹಿತರೇ ಈಗ ನನ್ನ ನೋಟ್ಸ್ ಕೇಳುತ್ತಿದ್ದಾರೆ. ಅದಕ್ಕೇ ಬರೆಯುತ್ತಿದ್ದೇನೆ.

ರೇಷ್ಮೆಗೆ ಹೆಸರಾದ ಶಿಡ್ಲಘಟ್ಟ ನನ್ನ ಊರು. ಇಲ್ಲಿನ ಮಕ್ಕಳ ತೊಂದರೆ ನಿಮಗೂ ಗೊತ್ತಿರುವುದೇ. ಎಫ್ ಬ್ರ್ಯಾಕೆಟ್ ಎಕ್ಸ್ ಅಂದರೆ ಎಫ್ ಇಂಟು ಎಕ್ಸ್ ಅಂದುಕೊಳ್ಳುತ್ತಾರೆ. ಕಾಂಪೊಸಿಷನ್ ಬಂದರೆ ಎರಡು ಫಂಕ್ಷನ್‌ಗಳನ್ನು ಗುಣಿಸಿಬಿಡುತ್ತಾರೆ. ಗುಣಿಸದವರು ಒಳಗಿನ ಫಂಕ್ಷನ್ ಬಿಟ್ಟು ಎಡಗಡೆಯಿಂದ ಶುರು ಮಾಡುತ್ತಾರೆ.

ಮೊದಲ ವರ್ಷ ಬಡಗಿ ಹತ್ತಿರ ಮರದ ಪೆಟ್ಟಿಗೆಗಳನ್ನು ಮಾಡಿಸಿದೆ. ಒಂದು ಕಡೆಯಿಂದ ಚೀಟಿ ಹಾಕಿದರೆ ಬಲ್ಬ್ ಹತ್ತಬೇಕು, ಇನ್ನೊಂದು ಕಡೆಯಿಂದ ಉತ್ತರದ ಚೀಟಿ ಬರಬೇಕು. ಬಲ್ಬು, ವೈರು, ಕೂಲಿ ಎಲ್ಲ ಸೇರಿ ನಾಲ್ಕೂವರೆ ಸಾವಿರ ಹೋಯಿತು. ಮಕ್ಕಳು ಬಲ್ಬ್ ನೋಡಿದರು, ಲೆಕ್ಕ ನೋಡಲಿಲ್ಲ. ಆ ವರ್ಷ ನಾಲ್ಕು ಮಕ್ಕಳು ಟ್ಯೂಷನ್ ಬಿಟ್ಟರು. ಅವರ ಫೀಸು ಲೆಕ್ಕ ಹಾಕಿದರೆ ಹತ್ತಿರ ಹತ್ತಿರ ಇಪ್ಪತ್ತು ಸಾವಿರ ನಷ್ಟ.

ಎರಡನೇ ವರ್ಷ ಬೆಂಗಳೂರಿನ ಆಟೋ ಮೀಟರ್ ಹಿಡಿದೆ. 2025ರ ಆಗಸ್ಟ್‌ನಿಂದ ಮೊದಲ ಎರಡು ಕಿಲೋಮೀಟರ್‌ಗೆ 36 ರೂಪಾಯಿ, ಆಮೇಲೆ ಕಿಲೋಮೀಟರ್‌ಗೆ 18. ರಾತ್ರಿ ಒಂದೂವರೆ ಪಟ್ಟು. ಐದು ಕಿಲೋಮೀಟರ್‌ಗೆ ಹಗಲಲ್ಲಿ 90, ರಾತ್ರಿ 135. ನನಗೆ ತುಂಬಾ ಚೆಂದ ಅನ್ನಿಸಿತ್ತು. ಆದರೆ ಇಲ್ಲಿ ಓಡೋದು ಶೇರ್ ಆಟೋ. ಮೀಟರ್ ನೋಡದ ಮಕ್ಕಳಿಗೆ ಅದೂ ಪುಸ್ತಕದ ಲೆಕ್ಕವೇ ಆಯಿತು.

ಕೊನೆಗೆ ಕೆಲಸ ಮಾಡಿದ್ದು ಅವರ ಮನೆಯ ಲೆಕ್ಕ. ಎಫ್, ಜಿ, ಎಕ್ಸ್ ಎಲ್ಲ ತೆಗೆದುಹಾಕಿದೆ. 'ಮ' ಅಂದರೆ ಮೊಟ್ಟೆ. ಒಂದು ಚಿಟ್ಟೆ ಇಡುವ ನೂರಾರು ಮೊಟ್ಟೆಗಳ ಗುಂಪನ್ನೇ ರೇಷ್ಮೆಯವರು 'ಒಂದು ಮೊಟ್ಟೆ' ಅಂತ ಎಣಿಸುತ್ತಾರೆ. ನೂರು ಮೊಟ್ಟೆಗೆ ಸುಮಾರು 65 ಕೆಜಿ ಗೂಡು ಅಂತ ಇಟ್ಟುಕೊಂಡೆವು. ಮಾರ್ಕೆಟ್ ರೇಟು ಕೆಜಿಗೆ 500 ಅಂತ ಹಿಡಿದೆವು. ಬೋರ್ಡ್ ಮೇಲೆ ಹೀಗೆ ಬಂತು:

ಗೂ(ಮ) = 0.65 × ಮ
ಹ(ಕೆ) = 500 × ಕೆ
ಖ(ಮ) = 15,000 + 40 × ಮ

ಗೂ ಅಂದರೆ ಗೂಡು, ಕೆಜಿಯಲ್ಲಿ. ಹ ಅಂದರೆ ಹಣ, ಕೆ ಅಂದರೆ ಗೂಡಿನ ಕೆಜಿ. ಖ ಅಂದರೆ ಖರ್ಚು. ಲಾಭ ಬೇಕಾದರೆ ಹ(ಗೂ(ಮ)) − ಖ(ಮ). ಒಂದೇ ಸಾಲಿನಲ್ಲಿ ಕಾಂಪೊಸಿಷನ್ನೂ ಬಂತು, ಕಳೆಯೋದೂ ಬಂತು. 200 ಮೊಟ್ಟೆಗೆ 130 ಕೆಜಿ, 65,000 ರೂಪಾಯಿ, ಖರ್ಚು 23,000, ಉಳಿಯೋದು 42,000. ಸಿಲಬಸ್ ಪ್ರಕಾರ ಕಳೆಯೋದು ಫಸ್ಟ್ ಪಿಯುಗೆ, ಕಾಂಪೊಸಿಷನ್ ಸೆಕೆಂಡ್ ಪಿಯುಗೆ. ನಾನು ಎರಡನ್ನೂ ಒಂದೇ ವಾರ ಮಾಡಿಸುತ್ತೇನೆ.

ಗೂ(ಹ(ಕೆ)) ಅಂತ ಬರೆದು, 'ಇದೇನು?' ಅಂತ ಕೇಳಿದೆ. ಹಿಂದಿನ ಬೆಂಚಿನ ಹುಡುಗ ತಕ್ಷಣ ಹೇಳಿದ: 'ರೂಪಾಯಿಗೆ ಚಾಕಿ ಕಟ್ಟಿದರೆ ಗೂಡು ಬರುತ್ತಾ ಸರ್?' (ಚಾಕಿ ಅಂದರೆ ಮೊಟ್ಟೆಯಿಂದ ಬಂದ ಮರಿಹುಳು ಸಾಕುವುದು.) ಯಾವುದು ಒಳಗೆ, ಯಾವುದು ಹೊರಗೆ ಅನ್ನುವ ಗೊಂದಲ ಅಲ್ಲಿಗೆ ಮುಗಿಯಿತು. ಎರಡೂ ಕ್ರಮದಲ್ಲಿ ಅರ್ಥ ಬರುವ ಲೆಕ್ಕವೂ ಬೇಕಲ್ವಾ? ಅದಕ್ಕೆ 2,000 ರೂಪಾಯಿಯ ಸೀರೆ ತಂದೆ. ಮೊದಲು 10 ಪರ್ಸೆಂಟ್ ಬಿಟ್ಟು ಆಮೇಲೆ 200 ಕಳೆದರೆ 1,600. ಮೊದಲು 200 ಕಳೆದು ಆಮೇಲೆ 10 ಪರ್ಸೆಂಟ್ ಬಿಟ್ಟರೆ 1,620.

ಅದೇ ದಿನ ಒಬ್ಬ ಹುಡುಗಿ ಕೈ ಎತ್ತಿದಳು. 'ಸೊಪ್ಪು ನಿಮ್ಮ ತೋಟದ್ದಾ ಸರ್? ನಾವು ಕೊಂಡುಕೊಳ್ತೀವಿ.' ಹುಳು ತಿನ್ನುವ ಹಿಪ್ಪುನೇರಳೆ ಸೊಪ್ಪಿನ ಖರ್ಚನ್ನು ನಾನು ಹಿಡಿದೇ ಇರಲಿಲ್ಲ. ಅವಳೇ ಬೋರ್ಡಿಗೆ ಬಂದು 40 ಅಳಿಸಿ 100 ಬರೆದಳು. 200 ಮೊಟ್ಟೆಯ ಲಾಭ 42,000ದಿಂದ 30,000ಕ್ಕೆ ಇಳಿಯಿತು. ಇಡೀ ಕ್ಲಾಸು ಪೆನ್ನು ಹಿಡಿದು ಮತ್ತೆ ಲೆಕ್ಕ ಮಾಡಿತು. ಅಷ್ಟು ವರ್ಷದಲ್ಲಿ ಯಾರೂ ನನ್ನ ಫಂಕ್ಷನ್ ತಿದ್ದಿರಲಿಲ್ಲ.

ಭಾಗಾಕಾರವೂ ಅಲ್ಲೇ ಬಂತು. ಒಂದು ಮೊಟ್ಟೆಗೆ 325 ರೂಪಾಯಿ ಬರುತ್ತೆ, 100 ಹೋಗುತ್ತೆ; ಹಾಗಾಗಿ ಲಾಭವನ್ನು ಮೊಟ್ಟೆಯಿಂದ ಭಾಗಿಸಿದರೆ 225 − 15,000/ಮ. ನೂರು ಮೊಟ್ಟೆ ಕಟ್ಟಿದರೆ ಒಂದಕ್ಕೆ 75 ರೂಪಾಯಿ, ಇನ್ನೂರಕ್ಕೆ 150, ಮುನ್ನೂರಕ್ಕೆ 175. ಮ ಸೊನ್ನೆ ಯಾಕೆ ಆಗಬಾರದು ಅಂತ ನಾನು ಹೇಳಬೇಕಾಗಲಿಲ್ಲ. ಹುಳುವೇ ಕಟ್ಟದವರು ಮೊಟ್ಟೆಗೆ ಎಷ್ಟು ಉಳಿಯಿತು ಅಂತ ಕೇಳುವುದಿಲ್ಲವಲ್ಲ.

ಗೂಡಿನಿಂದ ನೂಲು ತೆಗೆಯುವ ರೀಲಿಂಗ್ ಮನೆಯ ಮಕ್ಕಳಿಗೆ ಇನ್ನೊಂದು ಫಂಕ್ಷನ್ ಸೇರಿಸಿದೆ. ಏಳು ಕೆಜಿ ಗೂಡಿಗೆ ಸುಮಾರು ಒಂದು ಕೆಜಿ ನೂಲು. ಮೊಟ್ಟೆಯಿಂದ ಗೂಡು, ಗೂಡಿನಿಂದ ನೂಲು, ನೂಲಿನಿಂದ ಹಣ: ಮೂರು ಫಂಕ್ಷನ್‌ಗಳ ಸರಪಳಿ ಆಯಿತು. ಅದು ಇನ್ನೂ ಪೂರ್ತಿ ಕೂತಿಲ್ಲ. ಗೂಡು ಹಳಸಿದರೆ ನೂಲು ಕಡಿಮೆ ಅಂತ ಅವರು ವಾದಕ್ಕೆ ಇಳಿಯುತ್ತಾರೆ, ಲೆಕ್ಕ ಅಲ್ಲಿಗೇ ನಿಲ್ಲುತ್ತೆ.

'ಪರೀಕ್ಷೆಯಲ್ಲಿ ಗೂ ಬರುತ್ತಾ?' ಅಂತ ಕೇಳುವವರಿಗೆ: ಕೊನೆಯ ನಾಲ್ಕು ದಿನ ಎಫ್, ಜಿ ಅಕ್ಷರಗಳಿಗೆ ತಿರುಗುತ್ತೇನೆ. ತಿರುಗಿಸುವಾಗ ಯಾವ ಅಕ್ಷರ ಮೊದಲು ಬದಲಾಯಿಸಬೇಕು ಅನ್ನೋದರಲ್ಲಿ ಒಂದು ಕೈಚಳಕ ಇದೆ. ಅದನ್ನು ಸದ್ಯಕ್ಕೆ ನನ್ನ ಹತ್ತಿರವೇ ಇಟ್ಟುಕೊಳ್ಳುತ್ತೇನೆ.

ಸೊಪ್ಪು ತಿದ್ದಿದ ಹುಡುಗಿಯೇ ಕಳೆದ ವಾರ ಉಲ್ಟಾ ಲೆಕ್ಕ ತಂದಳು. ಕಾಲೇಜು ಫೀಸಿಗೆ 60,000 ಉಳಿಯಬೇಕಾದರೆ ಎಷ್ಟು ಮೊಟ್ಟೆ? 60,000ಕ್ಕೆ 15,000 ಖರ್ಚು ಸೇರಿಸಿ 75,000, ಅದನ್ನು ಭಾಗಿಸು 225, ಅಂದರೆ 334. ಆಮೇಲೆ ಪೆನ್ನು ಕೆಳಗಿಟ್ಟು, 'ನಮ್ಮ ಹುಳು ಮನೆ 250ಕ್ಕಿಂತ ಹಿಡಿಯಲ್ಲ ಸರ್' ಅಂದಳು. ಉತ್ತರದ ಪಕ್ಕದಲ್ಲಿ ಡೊಮೇನ್, ಅಂದರೆ ಮ ಎಷ್ಟರಿಂದ ಎಷ್ಟರವರೆಗೆ ಇರಬಹುದು ಅನ್ನೋದನ್ನು, ಬರೆದಳು: 0ಯಿಂದ 250. ಅದರ ಕೆಳಗೆ: ಎರಡು ಬೆಳೆ ತೆಗೆಯಬೇಕು.