ತರಾಸ್ಯುಕ್ ಅವರ ಕುರ್ಚಿ ಯಾರ ಕೈಯಲ್ಲಿತ್ತು?

ಪದವಿ ತರಗತಿಗಳಿಗೆ ರಾಜ್ಯಶಾಸ್ತ್ರ ಕಲಿಸುವವರಿಗೆ ಇದು ಗೊತ್ತಿರುತ್ತದೆ: ಸಂಸದೀಯ ಪದ್ಧತಿ, ಅಧ್ಯಕ್ಷೀಯ ಪದ್ಧತಿ ಎರಡನ್ನೂ ವಿದ್ಯಾರ್ಥಿಗಳು ಸಲೀಸಾಗಿ ಒಪ್ಪಿಸುತ್ತಾರೆ, ಅಧ್ಯಕ್ಷ ಮತ್ತು ಪ್ರಧಾನಿ ಇಬ್ಬರೂ ಅಧಿಕಾರ ಹಂಚಿಕೊಳ್ಳುವ ಅರೆ ಅಧ್ಯಕ್ಷೀಯ ಪದ್ಧತಿಗೆ ಬಂದರೆ ತಡವರಿಸುತ್ತಾರೆ. ಪಠ್ಯಪುಸ್ತಕ ಫ್ರಾನ್ಸನ್ನು ತೋರಿಸಿ ಕೈತೊಳೆದುಕೊಳ್ಳುತ್ತದೆ. ನಾನು ಫ್ರಾನ್ಸನ್ನು ಬದಿಗಿಟ್ಟು, ಉಕ್ರೇನಿನ ಬೋರಿಸ್ ತರಾಸ್ಯುಕ್ ಅವರ ವೃತ್ತಿಜೀವನವನ್ನೇ ಪಾಠವಾಗಿಸಿಕೊಂಡೆ.

ಹಲಗೆಯ ಎಡಕ್ಕೆ ಅವರ ಹುದ್ದೆಗಳು: ಸೋವಿಯತ್ ಕಾಲದಲ್ಲೇ ರಾಜತಾಂತ್ರಿಕ ಸೇವೆ, 1995ರಿಂದ ಬೆಲ್ಜಿಯಂನಲ್ಲಿ ರಾಯಭಾರಿ, 1998ರಲ್ಲಿ ವಿದೇಶಾಂಗ ಸಚಿವ, 2003ರಲ್ಲಿ ರೂಖ್ ಪಕ್ಷದ ಅಧ್ಯಕ್ಷ, 2005ರಲ್ಲಿ ಮತ್ತೆ ಅದೇ ಖಾತೆಯ ಸಚಿವ. ಬಲಕ್ಕೆ, ಆಯಾ ಹೊತ್ತಿಗೆ ಕೀವ್‌ನಲ್ಲಿ ಅಧಿಕಾರ ಯಾರದು ಎಂಬುದು. ಎಡಭಾಗವನ್ನಷ್ಟೇ ಓದಿದರೆ ಅದೊಂದು ಒಣ ಪಟ್ಟಿ. ಎರಡನ್ನೂ ಜೋಡಿಸಿ ಓದಿದಾಗಲೇ ಪ್ರಶ್ನೆ ಹುಟ್ಟುತ್ತದೆ: ಈ ಮನುಷ್ಯನನ್ನು ತೆಗೆಯುವ ಅಧಿಕಾರ ಯಾರಿಗಿತ್ತು?

2000ದಲ್ಲಿ ಉತ್ತರ ಸರಳವಾಗಿತ್ತು. ಯುರೋಪಿನತ್ತ ವಾಲಿದ್ದ ಅವರನ್ನು ಅಧ್ಯಕ್ಷ ಕುಚ್ಮಾ ಒಂದು ಆದೇಶದಿಂದ ಕೆಳಗಿಳಿಸಿದರು. ಇದಕ್ಕೆ ಐದು ನಿಮಿಷ ಸಾಕು.

ಪೀರಿಯಡ್‌ನ ಉಳಿದ ಹೊತ್ತೆಲ್ಲ 2006ಕ್ಕೆ ಮೀಸಲು. ಆ ವರ್ಷದ ಆರಂಭದಿಂದ ಜಾರಿಯಾದ ಸಂವಿಧಾನ ತಿದ್ದುಪಡಿಯಂತೆ, ಪ್ರಧಾನಿಯನ್ನು ಆರಿಸುವುದು ಸಂಸತ್ತಿನ ಬಹುಮತ. ವಿದೇಶಾಂಗ ಮತ್ತು ರಕ್ಷಣಾ ಸಚಿವರ ಹೆಸರನ್ನು ಸೂಚಿಸುವುದು ಮಾತ್ರ ಅಧ್ಯಕ್ಷರು, ನೇಮಿಸುವುದು ಸಂಸತ್ತು. ಅಧ್ಯಕ್ಷ ಯುಷ್ಚೆಂಕೊ, ಪ್ರಧಾನಿಯಾಗಿ ಬಂದದ್ದು ಅವರ ಎದುರಾಳಿ ಯಾನುಕೋವಿಚ್. ಡಿಸೆಂಬರ್ 1ರಂದು ಸಂಸತ್ತು ತರಾಸ್ಯುಕ್ ಅವರನ್ನು ವಜಾ ಮಾಡಿತು. ಅಧ್ಯಕ್ಷರು ಒಪ್ಪದೆ, ಕೆಲಸ ಮುಂದುವರಿಸಿ ಎಂದು ಆದೇಶ ಹೊರಡಿಸಿದರು. ಸಂಪುಟ ಸಭೆಗೆ ಹೋದ ಸಚಿವರನ್ನು ಒಳಗೆ ಬಿಡಲಿಲ್ಲ. ಸಚಿವಾಲಯಕ್ಕೆ ಹಣವೂ ನಿಂತಿತು. 2007ರ ಜನವರಿ 30ರಂದು ಅವರೇ ರಾಜೀನಾಮೆ ಕೊಟ್ಟರು.

ಇಲ್ಲಿ ತರಗತಿಯನ್ನು ಎರಡು ಪಾಳಯ ಮಾಡಿ ವಾದಕ್ಕೆ ಬಿಡುತ್ತೇನೆ. ಅಧ್ಯಕ್ಷರ ಕಡೆಯವರು, ‘ಹೆಸರು ಸೂಚಿಸಿದವರನ್ನು ಕೇಳದೆ ತೆಗೆಯುವುದು ಹೇಗೆ?’ ಎನ್ನಬೇಕು. ಸಂಸತ್ತಿನ ಕಡೆಯವರು, ‘ನೇಮಿಸಿದವರಿಗೆ ವಜಾ ಮಾಡುವ ಹಕ್ಕಿಲ್ಲವೇ?’ ಎಂದು ತಿರುಗಿ ಕೇಳಬೇಕು. ಮುಂದಿನ ಬೆಂಚಿನ ಜಾಣರು ಸಾಮಾನ್ಯವಾಗಿ ಮೊದಲ ಪಾಳಯ ಸೇರುತ್ತಾರೆ. ನನಗೆ ಎರಡನೆಯದೇ ಗಟ್ಟಿ ಅನ್ನಿಸುತ್ತದೆ, ಆದರೆ ವಾದ ಮುಗಿಯುವವರೆಗೆ ಬಾಯಿ ಬಿಡುವುದಿಲ್ಲ.

ಆಮೇಲೆ ನಮ್ಮ ಸಂವಿಧಾನದ 75ನೇ ವಿಧಿ ತೆಗೆಸುತ್ತೇನೆ. ಮಂತ್ರಿಗಳು ರಾಷ್ಟ್ರಪತಿಗಳ ಇಚ್ಛೆ ಇರುವಷ್ಟು ಕಾಲ ಅಧಿಕಾರದಲ್ಲಿರುತ್ತಾರೆ ಎಂದು ಅದು ಹೇಳಿದರೂ, ಆ ಇಚ್ಛೆ ಪ್ರಧಾನಿಯ ಸಲಹೆಯಂತೆಯೇ ನಡೆಯುತ್ತದೆ. ಹಾಗಾಗಿ ದೆಹಲಿಯಲ್ಲಿ ವಿದೇಶಾಂಗ ಸಚಿವರನ್ನು ಬಾಗಿಲಲ್ಲಿ ತಡೆದು, ಅದೇ ಹೊತ್ತಿಗೆ ರಾಷ್ಟ್ರಪತಿಗಳು ಅವರನ್ನು ಹುದ್ದೆಯಲ್ಲಿ ಉಳಿಸಿಕೊಳ್ಳುವ ಪ್ರಸಂಗ ಬಂದಿಲ್ಲ. ಇಷ್ಟು ಹೊತ್ತಿಗೆ ‘ದ್ವಿಮುಖ ಕಾರ್ಯಾಂಗ’ (ಅಧ್ಯಕ್ಷ, ಪ್ರಧಾನಿ ಎಂಬ ಎರಡು ತಲೆಗಳ ಆಡಳಿತ) ಏನೆಂದು ನಾನು ಬರೆಸಬೇಕಾಗಿಯೇ ಇರುವುದಿಲ್ಲ.

‘ಸರ್, ಆಮೇಲೆ ಅವರೇನಾದರು?’ ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ. 2019ರಲ್ಲಿ ಅಧ್ಯಕ್ಷ ಝೆಲೆನ್‌ಸ್ಕಿ, ತರಾಸ್ಯುಕ್ ಅವರನ್ನು ಸ್ಟ್ರಾಸ್‌ಬರ್ಗ್‌ನ ಯುರೋಪ್ ಮಂಡಳಿಗೆ (ಯುರೋಪಿನ ದೇಶಗಳ ಮಾನವ ಹಕ್ಕು ಸಂಘಟನೆ) ಉಕ್ರೇನಿನ ಪ್ರತಿನಿಧಿಯಾಗಿ ಕಳುಹಿಸಿದರು. 2022ರ ಮಾರ್ಚ್‌ನಲ್ಲಿ ಆ ಮಂಡಳಿ ರಷ್ಯಾವನ್ನು ಹೊರಹಾಕಿದಾಗ ಎಪ್ಪತ್ತು ದಾಟಿದ ತರಾಸ್ಯುಕ್ ಅಲ್ಲೇ ಇದ್ದರು. ಮನೆಗೆಲಸಕ್ಕೆ, ಮುಂದೆ ಅದೇ ಖಾತೆಯ ಸಚಿವರಾದ ಒಹ್ರಿಜ್ಕೊ ಅವರ ಪ್ರಕರಣ ಕೊಡುತ್ತೇನೆ: 2009ರ ಮಾರ್ಚ್‌ನಲ್ಲಿ ಸಂಸತ್ತು ಅವರನ್ನೂ ವಜಾ ಮಾಡಿತು, ಅಧ್ಯಕ್ಷರು ಆಗಲೂ ಯುಷ್ಚೆಂಕೊ ಅವರೇ.